ಇಂಗ್ಲೆಂಡಿನ ಮನೆ ನೋಡಿದ್ದು

ಇಂಥವು ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿಕೊಂಡು ತೆಪ್ಪಗಿದ್ದೆ. ಒಂದು ದಿನ ಪ್ರಾಂಶುಪಾಲರು ಕರೆದು, ಹೊರದೇಶಕ್ಕೆ ಓದಲು ಹೋಗುವವರಿಗೆ ಸಲಹೆ ಕೊಡುವ ಕೆಲಸ ಇನ್ನು ಮೇಲೆ ನಿಮ್ಮದು ಎಂದರು. ನಾನು ಹುಬ್ಬಳ್ಳಿ ದಾಟಿ ಆಚೆ ಹೋದದ್ದು ಒಂದೇ ಸಲ, ಅದೂ ತಂಗಿಯ ಸೀಮಂತಕ್ಕೆ. ಹಾಗೆಂದು ಹೇಳಿದರೆ, “ಇಂಗ್ಲಿಷ್ ಬರತೈತಲ್ರಿ, ಸಾಕು” ಎಂದು ಲೈಬ್ರರಿ ಪಕ್ಕದ ಕೋಣೆಯ ಕೀಲಿಕೈ ಕೊಟ್ಟುಬಿಟ್ಟರು.

ಮೊದಲು ಬಂದ ಹುಡುಗ, ಯಾವ ದೇಶವಾದರೂ ಸರಿ, ಆದರೆ ಅಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಇರಬಾರದು ಎಂದ. ಅವನನ್ನು ಸಮಾಧಾನ ಮಾಡಿ ಕಳಿಸಿದೆ. ಅಂಥವರ ನಡುವೆ ಬಿ.ಎಸ್ಸಿ. ಕೊನೆಯ ವರ್ಷದ ಒಬ್ಬ ಹುಡುಗಿ ಬಂದಳು. ಕುಪ್ಪೇಲೂರಿನ ಬಸ್ಸಿನಲ್ಲಿ ಬರುವ ಹಳ್ಳಿಯವಳು. ಕಂಪನಿಗಳಿಗೆ ಬೀಜ ಬೆಳೆದುಕೊಡುವ ಪ್ಲಾಟುಗಳ ನಡುವೆ ಬೆಳೆದವಳಿಗೆ ಬೀಜಗಳ ಬಗ್ಗೆಯೇ ಓದಬೇಕೆಂಬ ಹಟ. ಇಬ್ಬರೂ ಸೇರಿ ಅರ್ಜಿ ಹಾಕಿದೆವು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಸೀಟನ್ನೂ ಕೊಟ್ಟಿತು, ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಇನ್ನು ಮನೆಯವರು ಹೂಂ ಅನ್ನುವುದೊಂದೇ ಬಾಕಿ. ಮನೆಯವರು ಎಂದರೆ ಅಜ್ಜಿ.

೧. ಚೀಲದ ಬಾಯಿ

ಅಜ್ಜಿ ಒಬ್ಬಳೇ ಬರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ಹುಡುಗಿಯ ಸೋದರಮಾವನನ್ನೂ ಕರೆದುಕೊಂಡು ಬಂದಳು. ಮಾವ ಒಳಗೆ ಕಾಲಿಟ್ಟೊಡನೆ ನನಗೆ ಸೀನು ಶುರುವಾಯಿತು. ಅವರ ಅಂಗಿಯಲ್ಲಿ ಇಡೀ ಮಾರುಕಟ್ಟೆಯೇ ಬಂದಿತ್ತು.

ಸೀನುತ್ತಲೇ ವಿಶ್ವವಿದ್ಯಾಲಯದ ಚಂದದ ಪುಸ್ತಕ ಮುಂದಿಟ್ಟೆ. ಹಸಿರು ಹುಲ್ಲು, ನಗುವ ಹುಡುಗರು, ನೀಲಿ ಆಕಾಶ. ಮಾವ ಹಾಳೆಯನ್ನು ಬೆರಳಿನ ನಡುವೆ ತಿಕ್ಕಿದರು, ಮೂಸಿ ನೋಡಿದರು.

“ಮ್ಯಾಲಿನ ಕಾಯಿ ಚಲೋ ಅದಾವ್ರಿ. ನಡುವಿನ್ವು ತೋರಸ್ರಿ.”

“ಅಂದ್ರ?”

“ಎಲ್ಲಾರೂ ಚೀಲದ ಬಾಯಾಗ ಕೆಂಪನ್ನವು ಇಡ್ತಾರ್ರಿ. ನಾವು ಒಳಗ ಕೈ ಹಾಕಿ ನಡುವಿನ್ವು ತಗದು ನೋಡ್ತೇವಿ. ಇದ್ರಾಗ ಬರೇ ಬಾಯಾಗಿನ್ವು ಅದಾವ.”

ನಾನು ಬಿಡಲಿಲ್ಲ. ಇದು ಅಂತಿಂಥದ್ದಲ್ಲ, ಬಹಳ ಹಳೆಯ ವಿಶ್ವವಿದ್ಯಾಲಯ ಎಂದು ಹೆಮ್ಮೆಯಿಂದ ಹೇಳಿದೆ. ಮಾವನ ಮುಖ ಸಪ್ಪಗಾಯಿತು.

“ಹಳೇ ಮಾಲೇನ್ರಿ? ಹ್ವಾದ ವರ್ಷದ ಮಾಲಿಗೇ ಬಣ್ಣ ಹೋಗಿರತೈತಿ.”

೨. ನೀರು, ನೆರೆಮನೆ, ಹೆಂಡತಿ

ಈಗ ಅಜ್ಜಿ ಬಾಯಿ ತೆರೆದಳು. “ಮಾಸ್ತರ, ಹುಡುಗಿನ್ನ ಮನಿ ನೋಡದ ಹೆಂಗ ಕಳಸೂದ್ರಿ?”

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಆ ಮನೆ ನೋಡಿ ಬರುತ್ತಾರೆ. ನೀರಿನ ಅನುಕೂಲ, ದನದ ಕೊಟ್ಟಿಗೆ ಎಲ್ಲ ನೋಡಿ, ನೆರೆಯವರನ್ನೂ ಮೆಲ್ಲಗೆ ವಿಚಾರಿಸುತ್ತಾರೆ.

“ಅಮ್ಮಾರ, ಇದು ಲಗ್ನ ಅಲ್ರಿ, ಕಾಲೇಜು” ಎಂದೆ.

“ಲಗ್ನ ಆಗಿದ್ರ ಚಿಂತಿ ಇರಲಿಲ್ರಿ. ಸಿಟ್ಟು ಬಂದಾಗ ತವರಿಗೆ ಬರಾಕ ಬಸ್ಸರ ಇರತಾವ.”

ಊರಿಗೆ ಸೈಬರ್ ಕೆಫೆ ಹೊಸದಾಗಿ ಬಂದಿದ್ದ ಕಾಲ. ಅಲ್ಲಿ ಕುಳಿತು ಅಜ್ಜಿ ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, ಇಂಗ್ಲೆಂಡಿನಲ್ಲಿ ಹುಡುಗಿಗೆ ಕಲಿಸಲಿದ್ದ ಪ್ರೊಫೆಸರಿಗೆ ಇ-ಮೇಲ್ ಬರೆದೆ. ಕುಡಿಯುವ ನೀರು ಹೇಗಿದೆ? ಪಕ್ಕದ ಮನೆಯವರು ಎಂಥವರು? ನೀವು ಸಿಟ್ಟಿನಲ್ಲಿ ಕೂಗಾಡುತ್ತೀರಾ? ನಿಮ್ಮ ಹೆಂಡತಿಯ ಸ್ವಭಾವ ಹೇಗೆ? ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಸೀಟು ಹೋಯಿತು ಎಂದೇ ನಾನೂ ತಿಳಿದಿದ್ದೆ.

ವಾರದೊಳಗೆ ಉತ್ತರ ಬಂತು. ನೀರು ಸ್ವಲ್ಪ ಗಡಸು, ಆದರೆ ಕುಡಿಯಬಹುದು. ಪಕ್ಕದ ಮುದುಕಿ ಸದ್ದಾದರೆ ಜಗಳಕ್ಕೆ ಬರುತ್ತಾಳೆ, ಆಮೇಲೆ ಕೇಕ್ ಮಾಡಿ ಕಳಿಸುತ್ತಾಳೆ. ನಾನು ಕೂಗಾಡುವುದಿಲ್ಲ. ಹೆಂಡತಿಯ ಸ್ವಭಾವವನ್ನು ಮದುವೆಯಾದಂದಿನಿಂದ ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಜೊತೆಗೊಂದು ಫೋಟೋ ಇತ್ತು. ಪ್ರಯೋಗಾಲಯದ ಹಿಂಬಾಗಿಲು, ಅದರ ಪಕ್ಕ ಕಸದ ಡಬ್ಬಿಗಳು. ಮಾವ ಅದನ್ನು ನೋಡಿ ಮೇಜು ಕುಟ್ಟಿ, “ಇದು ನೋಡ್ರಿ ನಡುವಿನ ಕಾಯಿ!” ಎಂದರು.

ಅಜ್ಜಿ ಮಾತ್ರ ಇನ್ನೂ ಯೋಚನೆಯಲ್ಲಿದ್ದಳು. “ನಾವು ಅವರ ಮನಿ ನೋಡಿದಂಗಾತು. ಅವರು ನಮ್ಮ ಮನಿ ನೋಡ್ಯಾರೇನು? ಹುಡುಗಿ ಬೇಕಾದ್ರ ಹೋಗ್ಲಿ. ಆದ್ರ ಅವರು ಬಂದು ನೋಡೂತನಕ ಇದು ಅರ್ಧ ಒಪ್ಪಿಗಿ.”

ಅದನ್ನೂ ಬರೆದು ಕಳಿಸಿದೆ. ‘ನ್ಯಾಯವಾದ ಮಾತು, ಬರುತ್ತೇನೆ’ ಎಂದು ಪ್ರೊಫೆಸರು ಉತ್ತರಿಸಿದರು. ಇಂಗ್ಲೆಂಡಿನವರು ಅಜ್ಜಿಗೆ ಇಷ್ಟು ಸುಲಭವಾಗಿ ತಲೆಬಾಗಿದ್ದನ್ನು ಇತಿಹಾಸದ ಮೇಷ್ಟ್ರಿಗೆ ಹೇಳಿದರೆ ಅವರು ನಂಬಲೇ ಇಲ್ಲ.

೩. ಅಂಥಾ ಹುಡುಗಿ ಇಲ್ಲ

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆಂದು ಪೊಲೀಸ್ ಪೇದೆಯೊಬ್ಬ ಹಳ್ಳಿಗೆ ಬಂದ. ಕೈಯಲ್ಲಿ ಕಾಗದ ಹಿಡಿದು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರಿಗೆ ಹುಡುಗಿಯ ಹೆಸರು ಹೇಳಿದ. ಪೊಲೀಸರು ನಮ್ಮ ಹುಡುಗಿಯನ್ನು ಹುಡುಕಿಕೊಂಡು ಬಂದಿದ್ದಾರೆ ಎಂದರೆ ಊರವರು ಬಿಡುತ್ತಾರೆಯೇ?

“ಅಂಥಾ ಹುಡುಗಿ ನಮ್ಮೂರಾಗ ಇಲ್ರಿ” ಎಂದರು ಹಿರಿಯರು.

ಪಕ್ಕದ ಮನೆಯವರೂ ಇಲ್ಲ ಎಂದರು. ಎದುರು ಮನೆಯವರು ಆ ಹೆಸರನ್ನೇ ಕೇಳಿಲ್ಲ ಎಂದರು. ಅಷ್ಟರಲ್ಲಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಹುಡುಗಿಯನ್ನು ಚಿಕ್ಕಮ್ಮ ಅಡುಗೆಮನೆಗೆ ದಬ್ಬಿ ಚಿಲಕ ಹಾಕಿಯಾಗಿತ್ತು. ಈ ಹೆಸರಿನವರು ಇಲ್ಲಿ ವಾಸವಿಲ್ಲ ಎಂದು ಬರೆದುಕೊಂಡು ಪೇದೆ ಹೊರಟುಹೋದ.

ಹುಡುಗಿ ಅಳುತ್ತ ಬಂದಳು. ನಾನು ಹಾವೇರಿಯ ಪೊಲೀಸ್ ಕಚೇರಿಗೆ ಓಡಿದೆ. ಅಲ್ಲಿನ ಅಧಿಕಾರಿ ಕತೆಯೆಲ್ಲ ಕೇಳಿ, ಇಷ್ಟು ಒಗ್ಗಟ್ಟಾಗಿ ಸುಳ್ಳು ಹೇಳುವ ಊರನ್ನು ತಾನು ಕಂಡಿಲ್ಲ ಎಂದು ನಕ್ಕು, ಪೇದೆಯನ್ನು ಇನ್ನೊಮ್ಮೆ ಕಳಿಸಲು ಒಪ್ಪಿದರು. ಇತ್ತ ಅಜ್ಜಿ ಓಣಿಯ ಮನೆಮನೆಗೂ ಹೋಗಿ ತಾಕೀತು ಮಾಡಿದಳು.

“ಇನ್ನ ಮ್ಯಾಲೆ ಯಾರರ ಕಾಗದ ಹಿಡಕೊಂಡು ಬಂದು ಕೇಳಿದ್ರ, ಇಲ್ಲೇ ಅದಾಳ ಅನ್ರಿ. ಊರು ಬಿಟ್ಟು ಎಲ್ಲೂ ಹೋಗಿಲ್ಲ ಅನ್ರಿ!”

ಮತ್ತೆ ಬಂದ ಪೇದೆಯ ಹಿಂದೆ ಇಡೀ ಓಣಿ ಸಾಕ್ಷಿ ಹೇಳುತ್ತ ನಡೆಯಿತು. ಆಕೆಗೆ ಎಂದು ದಡಾರ ಆಗಿತ್ತು, ಎಂದು ಹಲ್ಲು ಬಿದ್ದಿತ್ತು ಎಲ್ಲ ಹೇಳಿದರು. ಕೊನೆಗೆ ಪೇದೆಯೇ ಕೈ ಮುಗಿದು, “ನಂಬೇನ್ರಪಾ, ಗಾಡಿ ಹತ್ತಾಕ ಬಿಡ್ರಿ” ಎಂದನಂತೆ.

೪. ನಂಬೋದು ಹೇಗೆ

ವೀಸಾಕ್ಕೆ ಚೆನ್ನೈನಲ್ಲಿ ಸಂದರ್ಶನ. ತಯಾರಿಗೆಂದು ನಾನೇ ಟೈ ಕಟ್ಟಿಕೊಂಡು ಅಧಿಕಾರಿಯಾದೆ. ಮೂಲೆಯಲ್ಲಿ ಅಜ್ಜಿ ಕುಳಿತಿದ್ದಳು. ಆಕೆಗೂ ತಿಳಿಯಲೆಂದು ಪ್ರತಿ ಪ್ರಶ್ನೆಯನ್ನು ಕನ್ನಡದಲ್ಲೂ ಹೇಳುತ್ತಿದ್ದೆ. ಅದೇ ತಪ್ಪಾಯಿತು.

“ನೀ ವಾಪಸ್ ಬರ್ತಿ ಅಂತ ಹೆಂಗ ನಂಬೂದು?” ಎಂದು ಗದರಿಸಿದೆ.

ಅಜ್ಜಿ ದಡಕ್ಕನೆ ಎದ್ದಳು. “ಯಾಕ ನಂಬೂದಿಲ್ಲ? ಯಾರ ಮೊಮ್ಮಗಳಂತ ತಿಳಕೊಂಡೀರಿ?”

“ಅಮ್ಮಾರ, ಕೇಳಿದ್ದು ನಾನಲ್ರಿ, ಆ ಅಧಿಕಾರಿ.”

“ಹಂಗಾರ ಅವಂಗ ಬುದ್ಧಿ ಹೇಳ್ರಿ ನೀವು!”

“ಸುಮ್ಮನಿರಬೇ ಅಜ್ಜಿ” ಎಂದು ಹುಡುಗಿ ಸೆರಗು ಹಿಡಿದು ಎಳೆದಳು. ಅಜ್ಜಿ ಕೂರಲಿಲ್ಲ. ಕೊನೆಗೆ ಅಧಿಕಾರಿಯ ಪರವಾಗಿ ನಾನು ಕ್ಷಮೆ ಕೇಳಿದೆ.

ಚೆನ್ನೈನಲ್ಲಿ ನಿಜವಾದ ಅಧಿಕಾರಿಯೂ ಅದನ್ನೇ ಕೇಳಿದರಂತೆ. ಬಾಯಿಪಾಠ ಮಾಡಿದ್ದೆಲ್ಲ ಮರೆತು ಹುಡುಗಿ ಇದ್ದದ್ದನ್ನೇ ಹೇಳಿಬಿಟ್ಟಳು. “ನಮ್ಮ ಅಜ್ಜಿ ಅರ್ಧ ಒಪ್ಪಿಗೆ ಮಾತ್ರ ಕೊಟ್ಟಿದ್ದಾಳೆ. ನಾನು ಹೊತ್ತಿಗೆ ಸರಿಯಾಗಿ ವಾಪಸ್ ಬರದಿದ್ದರೆ ಆಕೆಯೇ ಇಂಗ್ಲೆಂಡಿಗೆ ಬರುತ್ತಾಳೆ.” ವೀಸಾ ಸಿಕ್ಕಿತು. ಆ ಸುದ್ದಿಯನ್ನು ಫೋನಿನಲ್ಲಿ ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಮಾವ ಇರಲಿಲ್ಲ, ಹಾಗಾಗಿ ಮೆಣಸಿನಕಾಯಿಯ ನೆಪ ಹೇಳುವಂತೆಯೂ ಇರಲಿಲ್ಲ.

೫. ಪೂರಾ ಒಪ್ಪಿಗೆ

ಹುಡುಗಿ ಹೋಗಿ ವರ್ಷವಾಗುತ್ತ ಬಂದಿತ್ತು. ಧಾರವಾಡಕ್ಕೆ ವಿಚಾರ ಸಂಕಿರಣವೊಂದಕ್ಕೆ ಬಂದ ಪ್ರೊಫೆಸರು, ಅಜ್ಜಿಯ ಮನೆ ನೋಡದೆ ಹೋಗುವುದಿಲ್ಲ ಎಂದು ಹಟ ಹಿಡಿದರು. ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಕರೆದೊಯ್ದೆ. ಆ ಊರಿಗೆ ನಾನೂ ಹೊಸಬನೇ. ವಿಳಾಸದ ಕಾಗದ ಪ್ರೊಫೆಸರ ಕೈಯಲ್ಲಿತ್ತು. ಕಟ್ಟೆಯ ಮೇಲಿದ್ದ ಹಿರಿಯರಿಗೆ ಹುಡುಗಿಯ ಹೆಸರು ಹೇಳಿ ಮನೆ ಯಾವುದೆಂದು ಕೇಳಿದೆ.

ಅವರು ಕಾಗದ ನೋಡಿದ್ದೇ ಎದ್ದು ನಿಂತರು. “ಅದಾಳ್ರಿ! ಇಲ್ಲೇ ಅದಾಳ! ಊರು ಬಿಟ್ಟು ಎಲ್ಲೂ ಹೋಗಿಲ್ಲ.”

“ಈಗರ ನೀರು ತಗೊಂಡು ಹ್ವಾದ್ಲು” ಎಂದಳು ಒಬ್ಬಾಕೆ.

“ಹೊಲಕ್ಕ ಹೋಗ್ಯಾಳ್ರಿ, ಸಂಜಿಗೆ ಬರ್ತಾಳ” ಎಂದಳು ಇನ್ನೊಬ್ಬಾಕೆ.

ಏನು ಹೇಳುತ್ತಿದ್ದಾರೆ ಎಂದು ಪ್ರೊಫೆಸರು ಕೇಳಿದರು. ಹೇಳಿದೆ. ಅವರು ಗಾಬರಿಯಿಂದ ನನ್ನನ್ನೇ ನೋಡಿದರು. “ಹಾಗಾದರೆ ಹೋದ ವಾರ ನಾನು ಪ್ರಯೋಗಾಲಯದ ಕೀಲಿಕೈ ಕೊಟ್ಟು ಬಂದದ್ದು ಯಾರಿಗೆ?”

ಗದ್ದಲ ಕೇಳಿ ಅಜ್ಜಿ ಹೊರಗೆ ಬಂದಳು. ಓಣಿಯವರನ್ನು ಬೈದು ಓಡಿಸಿ ಅತಿಥಿಯನ್ನು ಒಳಗೆ ಕರೆದಳು. ನೀರಿನ ತೊಟ್ಟಿ, ಕೊಟ್ಟಿಗೆ, ಬೀಜದ ಪ್ಲಾಟು ಎಲ್ಲ ತೋರಿಸಿದಳು. ಪ್ರೊಫೆಸರು ಹಿತ್ತಲನ್ನೂ ತೋರಿಸಿ ಎಂದರು, ತಾವು ತಮ್ಮ ಹಿಂಬಾಗಿಲಿನ ಫೋಟೋ ಕಳಿಸಿರಲಿಲ್ಲವೇ ಎಂದರು. ಬ್ಯಾಡಗಿಯಿಂದ ಮಾವ ಬಂದು ಪಕ್ಕದಲ್ಲಿ ಕುಳಿತ ಮೇಲೆ ನಾನೂ ಪ್ರೊಫೆಸರೂ ಸರದಿಯ ಮೇಲೆ ಸೀನಿದೆವು.

ಊಟವಾದ ಮೇಲೆ ಅಜ್ಜಿ ನನಗೆ ಹೇಳಿದಳು. “ಮನಿ ಮನಸಿಗೆ ಬಂತೇನು ಕೇಳ್ರಿ.”

ಬಹಳ ಮನಸ್ಸಿಗೆ ಬಂತು, ನಿಮ್ಮ ಹುಡುಗಿಯಂಥ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ ಎಂದರು ಪ್ರೊಫೆಸರು. ಅದನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಂಬಂಧ ಕುದುರಿದಾಗ ಹಂಚುವ ಹಾಗೆ ಬಟ್ಟಲಲ್ಲಿ ಸಕ್ಕರೆ ತಂದು ಮೊದಲು ಪ್ರೊಫೆಸರ ಕೈಗೆ, ಆಮೇಲೆ ನನ್ನ ಕೈಗೆ ಹಾಕಿದಳು.

ಅಷ್ಟರಲ್ಲಾಗಲೇ ಹುಡುಗಿಯ ಒಂದು ವರ್ಷದ ಓದು ಮುಗಿದಿತ್ತು. ವಾಪಸ್ ಬರುವ ವಿಮಾನದ ಟಿಕೆಟ್ಟೂ ಆಗಿತ್ತು. ಅಜ್ಜಿ ಎಲ್ಲರೆದುರು ಗಂಭೀರವಾಗಿ ಹೇಳಿದಳು.

“ಈಗ ಪೂರಾ ಒಪ್ಪಿಗಿ ಆತು ನೋಡ್ರಿ ಮಾಸ್ತರ. ಇನ್ನ ಹುಡುಗಿನ್ನ ಇಂಗ್ಲೆಂಡಿಗೆ ಕಳಸಾಕ ನಮ್ಮದೇನೂ ತಕರಾರಿಲ್ಲ. ಒಂದು ಚಲೋ ದಿನಾ ನೋಡ್ರಿ.”