ಅರ್ಥಶಾಸ್ತ್ರದ ಮೇಡಂ ಮಾಡಿದ ವ್ಯಾಪಾರಗಳು

ಅರ್ಥಶಾಸ್ತ್ರ ಕಲಿಸುವವರಿಗೆ ಶಾಸ್ತ್ರ ದಿನಾಲೂ ಸಿಗುತ್ತದೆ, ಅರ್ಥ ವರ್ಷಕ್ಕೊಮ್ಮೆ. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಲೆಕ್ಚರರ್ ಆಗಿದ್ದಾಗ ಹಾಗೇ ಇತ್ತು. ಪಗಾರ ಮಾರ್ಚ್ ಮುಗಿದ ಮೇಲೆ ಒಮ್ಮೆಲೇ ಬರುತ್ತಿತ್ತು, ಹಸಿವೆ ಮಾತ್ರ ದಿನಕ್ಕೆರಡು ಸಲ. ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಅವ್ವ ಮಂದಿಯ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಎಂ.ಎ. ಓದಿಸಿದವಳು. ನಮ್ಮೂರ ಹೊರಗಿನ ಕೇರಿಯಿಂದ ಬಂದು ಲೆಕ್ಚರರ್ ಆದ ಮೊದಲ ಹೆಣ್ಣುಮಗಳು ನಾನೇ. ಇದನ್ನು ಎಲ್ಲರೂ ಭಾಷಣದಲ್ಲಿ ಹೇಳಿ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಕೊಟ್ಟರೆ ಪೇಟೆಯಲ್ಲಿ ಯಾರೂ ಜೋಳ ಅಳೆಯುವುದಿಲ್ಲವಾದ್ದರಿಂದ, ಕ್ಲಾಸು ಬಿಟ್ಟ ಮೇಲೆ ನಾನು ವ್ಯಾಪಾರಕ್ಕಿಳಿದೆ. ಕಾಲೇಜಿನ ಮೇಡಂ ವ್ಯಾಪಾರಕ್ಕಿಳಿದರೆ ಏನೇನು ಆಗಬೇಕೋ ಅದೆಲ್ಲ ಒಂದಾದ ಮೇಲೊಂದು ಆಗುತ್ತಲೇ ಹೋಯಿತು.

ಲಗೇಜು

ಮೊದಲು ಹಿಡಿದದ್ದು ಸೀರೆ. ರಾಮದುರ್ಗದ ಕಡೆ ನೇಕಾರರ ಮನೆಗಳಿವೆ. ರವಿವಾರ ಹೋಗಿ ಹತ್ತು ಹನ್ನೆರಡು ಸೀರೆ ತಂದು ಪರಿಚಯದವರಿಗೆ ಮಾರುವುದು. ಆರಿಸುವುದು ಸುಲಭ, ಬಸ್ಸಿನಲ್ಲಿ ತರುವುದೇ ಕಷ್ಟ. ವ್ಯಾಪಾರದ ಸಾಮಾನು ಅಂದರೆ ಲಗೇಜಿಗೆ ಬೇರೆ ಟಿಕೀಟು, ಲಾಭವೆಲ್ಲ ಅದರಲ್ಲೇ ಹೋಗುತ್ತದೆ.

ಒಂದು ರವಿವಾರ ಕಂಡಕ್ಟರ್ ನನ್ನ ಚೀಲದ ಮೇಲೆ ಕೈಯಿಟ್ಟು, "ಇದರಾಗ ಏನೈತ್ರಿ?" ಅಂದ.

"ಪುಸ್ತಕ ಅದಾವ್ರಿ. ನಾ ಕಾಲೇಜಿನಾಗ ಕಲಸ್ತೇನಿ."

ಕಂಡಕ್ಟರ್ ಗೌರವದಿಂದ ಕೈ ತೆಗೆದ. ಕಿಟಕಿ ಪಕ್ಕ ಕುಳಿತವರನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟ. ವಿದ್ಯೆಗೆ ಇಷ್ಟು ಮರ್ಯಾದೆ ಇದೆ ಎಂದು ತಿಳಿದು ನನಗೇ ನಾಚಿಕೆಯಾಯಿತು.

ಸವದತ್ತಿ ದಾಟಿದ ಮೇಲೆ ರಸ್ತೆಯಲ್ಲಿ ಒಂದು ದೊಡ್ಡ ತಗ್ಗು. ಬಸ್ಸು ಹಾರಿತು, ಚೀಲ ಬಿತ್ತು, ಅದರ ಹೊಲಿಗೆ ಬಿಚ್ಚಿ ಸೀರೆಗಳು ಜಾರುತ್ತ ಡ್ರೈವರನ ತನಕ ಹೋದವು. ಬಸ್ಸಿನ ಮಂದಿಯೆಲ್ಲ ಒಮ್ಮೆ ಸೀರೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕಂಡಕ್ಟರ್ ಒಂದೊಂದೇ ಎತ್ತಿ, ಧೂಳು ಝಾಡಿಸಿ, ನನ್ನ ಉಡಿಯಲ್ಲಿ ಇಡುತ್ತ ಬಂದ. ದಂಡ ಎಷ್ಟು ಎಂದು ಕೇಳಲು ನಾನು ಪರ್ಸು ತೆಗೆಯುವಷ್ಟರಲ್ಲಿ, ಕೊನೆಯದನ್ನು ಕೈಯಲ್ಲೇ ಹಿಡಿದುಕೊಂಡು ಮೆಲ್ಲಗೆ ಬಗ್ಗಿದ.

"ಮೇಡಂ, ಈ ಪುಸ್ತಕದ ಸೆರಗು ಭಾಳ ಚಲೋ ಐತ್ರಿ. ನಮ್ಮ ಮನಿಯಾಕಿ ಇಂಥಾದ ಒಂದು ಹಸರ ಪುಸ್ತಕ ಬೇಕಂತ ಭಾಳ ದಿನದಿಂದ ಗಂಟುಬಿದ್ದಾಳ."

ಬೇಡಿಕೆಯ ನಿಯಮ

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ. ಇದನ್ನು ನಾನು ಬೆಳಿಗ್ಗೆ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸುತ್ತಿದ್ದೆ. ಮಧ್ಯಾಹ್ನ ಕಾಲೇಜಿನ ಹೆಂಗಸರ ಕೋಣೆಯಲ್ಲಿ ಸೀರೆಯ ಚೀಲ ಬಿಚ್ಚುತ್ತಿದ್ದೆ. ನೇಕಾರರ ಬೆಲೆಯ ಮೇಲೆ ಬಸ್ಸಿನ ಖರ್ಚಷ್ಟೇ ಸೇರಿಸಿ ಹೇಳಿದರೆ, ಎಲ್ಲರೂ ಮುಟ್ಟಿ ನೋಡಿ ಕೆಳಗಿಡುತ್ತಿದ್ದರು.

"ಇಷ್ಟ ಸ್ವಸ್ತ ಅಂದ್ರ ಏನೋ ಐಬು ಇರಬೇಕು," ಅಂದರು ಒಬ್ಬರು.

ನನಗೆ ಕಾಲೇಜಿನಲ್ಲಿದ್ದ ಒಬ್ಬಳೇ ಗೆಳತಿ ಅಂದರೆ ಹಿಂದಿ ಮೇಡಂ. ಆಕೆ ಮರುದಿನ ಎಲ್ಲ ಸೀರೆಗಳ ಬೆಲೆ ದುಪ್ಪಟ್ಟು ಮಾಡಿ ಚೀಟಿ ಹಚ್ಚಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನನಗೆ ಗದರಿದಳು: "ಇವನ್ನ ಎಲ್ಲಾರಿಗೂ ತೋರಸಬ್ಯಾಡ. ಪ್ರಿನ್ಸಿಪಾಲರ ಮನಿಯವರು ನೋಡೂ ತನಕ ಮುಚ್ಚಿಡು."

ಗಂಟೆ ಹೊಡೆಯುವಷ್ಟರಲ್ಲಿ ಚೀಲ ಖಾಲಿ.

ಎರಡು ದಿನ ಬಿಟ್ಟು ನಾನು ಬೋರ್ಡಿನ ಮೇಲೆ ಅದೇ ಗೆರೆ ಎಳೆಯುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಚಿಗವ್ವ ನಮ್ಮ ಆಫೀಸಿನಲ್ಲೇ ಕ್ಲರ್ಕ್, ಮೊದಲು ಮುಟ್ಟಿ ಬಿಟ್ಟ ಸೀರೆಯನ್ನೇ ದುಪ್ಪಟ್ಟು ಬೆಲೆಗೆ ಒಯ್ದವಳು.

"ಮೇಡಂ, ಪರೀಕ್ಷಾದಾಗ ನೀವು ಕಲಿಸಿದ್ದು ಬರೀಬೇಕೋ, ನಮ್ಮ ಚಿಗವ್ವಗ ಮಾಡಿದ್ದು ಬರೀಬೇಕೋ?"

ಯಾವ ಮಂದಿ

ಮನೋಳಿಯ ಒಂದು ಜಮೀನುದಾರರ ಮನೆಯವರು ಬಿ.ಎ. ಓದುವ ಮಗಳಿಗೆ ಪಾಠ ಹೇಳಲು ನನ್ನನ್ನು ಕರೆಸಿದರು. ಮೊದಲ ದಿನ ಹೋದಾಗ ಪಡಸಾಲೆಯಲ್ಲಿ ಅಜ್ಜಿ ಕುಳಿತಿದ್ದರು.

"ಬರ್ರಿ, ಕುಂಡರ್ರಿ. ಯಾರ ಪೈಕಿ ನೀವು?"

"ಲೆಕ್ಚರರ್ ಅದೀನ್ರಿ."

"ಅದು ನೌಕರಿ ಆತು. ಮಂದಿ ಯಾರು?"

ಖರೇ ಹೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಸುಳ್ಳು ಹೇಳಿದರೆ ಮನೆಗೆ ಹೋಗಿ ಅವ್ವನ ಮುಖ ನೋಡಲು ಆಗುತ್ತಿರಲಿಲ್ಲ. ಎರಡೂ ಅಲ್ಲದ್ದೊಂದು ಬಾಯಿಗೆ ಬಂತು.

"ನಾವು ಎಕನಾಮಿಕ್ಸ್ ಮಂದಿ ರೀ, ಅವ್ವಾರ."

ಅಜ್ಜಿ ತಲೆದೂಗಿದರು. "ಹೌದೇನು. ನಿಮ್ಮ ಮಂದಿ ನಮ್ಮ ಕಡೆ ಕಡಿಮಿ. ಧಾರವಾಡದಾಗ ಭಾಳ ಅದಾರಂತ ಕೇಳೇನಿ."

"ಹೌದ್ರಿ, ಅಲ್ಲಿ ಒಂದು ದೊಡ್ಡ ಬಿಲ್ಡಿಂಗ್ ತುಂಬ ಅದಾರ್ರಿ."

ಒಳಗಿಂದ ಬಸಿಯ ಮೇಲೆ ಕಪ್ಪಿಟ್ಟು ಚಹಾ ಬಂತು. ಎರಡು ವರ್ಷ ಆ ಮನೆಯಲ್ಲಿ ಪಾಠ ಹೇಳಿದೆ. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಜ್ಜಿ ನನಗೆ ಖಣ, ತೆಂಗಿನಕಾಯಿ ಕೊಟ್ಟು ಉಡಿ ತುಂಬಿದರು. ಅಷ್ಟರಲ್ಲಿ ಹುಡುಗಿ, ತಾನೂ ಎಕನಾಮಿಕ್ಸಿನಲ್ಲೇ ಎಂ.ಎ. ಮಾಡುತ್ತೇನೆ ಎಂದಳು. ಅಜ್ಜಿ ಮೊಮ್ಮಗಳನ್ನು ಹತ್ತಿರ ಕರೆದು, ನನಗೆ ಕೇಳಬಾರದೆಂದು ಸಣ್ಣ ದನಿಯಲ್ಲಿ, ಆದರೆ ಕಿವಿ ಮಂದವಾದ್ದರಿಂದ ಓಣಿಗೆಲ್ಲ ಕೇಳುವ ಹಾಗೆ ಹೇಳಿದರು:

"ಅವರ ವಿದ್ಯಾ ಎಷ್ಟ ಬೇಕಾದ್ರೂ ಕಲಿ ನನ್ನವ್ವ. ಆ ಮಂದ್ಯಾಗ ಲಗ್ನಾ ಮಾತ್ರ ಮಾಡ್ಕೋಬ್ಯಾಡ."

ಶಾಲು

ವರ್ಷಕ್ಕೆ ಎರಡು ಸಲ ಸುತ್ತಿನ ಊರವರಿಗೆಲ್ಲ ನನ್ನ ನೆನಪಾಗುತ್ತಿತ್ತು. ಮಾರ್ಚಿನಲ್ಲಿ ಮಹಿಳಾ ದಿನಕ್ಕೆ ಹೆಣ್ಣು ಅಂತ, ಏಪ್ರಿಲ್‌ನಲ್ಲಿ ಜಯಂತಿಗೆ ಕೇರಿಯವಳು ಅಂತ. ಅರ್ಥಶಾಸ್ತ್ರದ ಬಗ್ಗೆ ಮಾತಾಡಲು ಯಾರೂ ಕರೆಯಲಿಲ್ಲ. ಅದಕ್ಕೆ ಬೇರೆಯವರಿದ್ದರು. ಭಾಷಣಕ್ಕೆ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಹಾರ, ಹಣ್ಣು, ಶಾಲು. ಹಾರ ಬಾಡುತ್ತಿತ್ತು, ಹಣ್ಣು ತಿನ್ನುತ್ತಿದ್ದೆವು, ಶಾಲು ಟ್ರಂಕು ಸೇರುತ್ತಿತ್ತು.

ಒಂದು ದಿನ ಅವ್ವ ಟ್ರಂಕು ತೆಗೆದು ನೋಡಿ, "ಇಷ್ಟು ಹೊಚ್ಚಿದ್ರೂ ನಿನ್ನ ಥಂಡಿ ಹೋಗಿಲ್ಲೇನ?" ಅಂದಳು. ಮರುದಿನದಿಂದಲೇ ಕತ್ತರಿ ಹಿಡಿದಳು. ಶಾಲಿನ ತುಂಡುಗಳನ್ನು ಜೋಡಿಸಿ, ಒಳಗೆ ಹಳೇ ಸೀರೆ ಇಟ್ಟು ಕೌದಿ ಹೊಲಿದಳು. ಹೊದ್ದುಕೊಳ್ಳಲು ಬೆಚ್ಚಗೆ, ನೋಡಲು ಚೆಂದ. ಕೌದಿಗಳು ಚೆನ್ನಾಗಿಯೇ ಹೋದವು.

ಕಿತ್ತೂರಿನ ಒಂದು ಸಂಘದ ಕಾರ್ಯದರ್ಶಿ ತಮ್ಮ ತಾಯಿಗೆಂದು ಒಂದು ಒಯ್ದರು. ವಾರದ ಮೇಲೆ ಅದೇ ಕೌದಿ ಕಂಕುಳಲ್ಲಿ ಹಿಡಿದು ಮನೆಗೆ ಬಂದರು. ನಡುವಿನ ಒಂದು ತುಂಡಿನ ಮೇಲೆ ಬೆರಳಿಟ್ಟರು. ಬಂಗಾರದ ಬಣ್ಣದ ದಾರದಲ್ಲಿ ಅವರ ಸಂಘದ ಹೆಸರೇ ಹೊಲಿದಿತ್ತು. ಅವರೇ ನನಗೆ ಹೊದಿಸಿದ್ದ ಶಾಲು. ದುಡ್ಡು ವಾಪಸು ತರಲು ನಾನು ಒಳಗೆ ಹೊರಟೆ.

"ಮೇಡಂ, ಸಿಟ್ಟ ಮಾಡಾಕ ಬಂದಿಲ್ಲ," ಅಂದರು. "ಬರೂ ಮಾರ್ಚಿಗೆ ನೀವ ಅತಿಥಿ. ಹೊಸಾ ಶಾಲು ಯಾಕ? ಇದನ್ನ ಹೊಚ್ಚತೇವಿ. ಹೆಸರೂ ಐತಿ, ಖರ್ಚೂ ಉಳೀತೈತಿ."

ಹೊದಿಸಿಯೂ ಬಿಟ್ಟರು. ಮಾರ್ಚಿನ ಬಿಸಿಲಿನಲ್ಲಿ ಕೌದಿ ಹೊದ್ದು ನಿಂತ ನನ್ನ ಫೋಟೋ ಇನ್ನೂ ಇದೆ. ಬೆವರನ್ನು ನೋಡಿದವರು ಆನಂದಬಾಷ್ಪ ಅನ್ನುತ್ತಾರೆ.

ಉಪವಾಸ

ಕೊನೆಗೆ ನಮ್ಮ ಕೈಹಿಡಿದದ್ದು ಶೇಂಗಾ ಚಟ್ನಿ. ಹುರಿದ ಶೇಂಗಾ, ಖಾರಪುಡಿ, ಬೆಳ್ಳುಳ್ಳಿ, ಜೀರಿಗೆ ಹಾಕಿ ಅವ್ವ ಒರಳಲ್ಲಿ ಕುಟ್ಟುತ್ತಿದ್ದಳು, ನಾನು ಪಾಕೀಟು ಕಟ್ಟುತ್ತಿದ್ದೆ. ಪೇಟೆಯ ಕಿರಾಣಿ ಅಂಗಡಿಯವರು ಇಟ್ಟುಕೊಳ್ಳಲು ಒಪ್ಪಿದರು, ಒಂದೇ ಕರಾರು.

"ಪಾಕೀಟಿನ ಮ್ಯಾಲೆ ಹೆಸರು ಬ್ಯಾಡ್ರಿ ಮೇಡಂ. ಚಟ್ನಿ ಚಲೋ ಐತಿ, ತಾನ ಓಡತೈತಿ. ಹೆಸರು ಹಾಕಿದ್ರ ನಿಂದರತೈತಿ."

ಅವತ್ತೇ ಬೆಳಿಗ್ಗೆ ನಾನು ಕ್ಲಾಸಿನಲ್ಲಿ, ಉದ್ಯಮಿಗೆ ತನ್ನ ಹೆಸರೇ ಬಂಡವಾಳ ಎಂದು ಹೇಳಿಕೊಟ್ಟು ಬಂದಿದ್ದೆ. ಅಂಗಡಿಯವರಿಗೆ ಹೂಂ ಅಂದೆ.

ಕಾಲೇಜಿನಲ್ಲಿ ಇತಿಹಾಸದ ಸರ್ ಎಲ್ಲರಿಗಿಂತ ಹಿರಿಯರು. ಒಳ್ಳೆಯವರೇ. ನನಗೆ ಬೇಕಾದ ಪುಸ್ತಕ ಹುಡುಕಿ ತಂದುಕೊಡುತ್ತಿದ್ದರು. ಆದರೆ ನಾನು ಮನೆಯಿಂದ ಏನು ತಂದರೂ ಅವತ್ತು ಅವರ ಉಪವಾಸ. ಸೋಮವಾರ ಈಶ್ವರನದು, ಗುರುವಾರ ಗುರುಗಳದು, ಶನಿವಾರ ಹಣಮಪ್ಪನದು. ಒಮ್ಮೆ ಬುಧವಾರ ಅವರಿಗೆ ಯಾವ ದೇವರೂ ಇಲ್ಲವೆಂದು ಪಕ್ಕಾ ಮಾಡಿಕೊಂಡೇ ಬೇಸನ್ ಉಂಡಿ ಒಯ್ದೆ. ಸರ್ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದರು.

"ಸೋಮವಾರದ್ದು ತಪ್ಪಿಸಿದ್ದೆ ಮೇಡಂ. ಇವತ್ತು ತೀರಸಾಕತ್ತೇನಿ."

ಹೀಗೆ ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲೇಜಿನಲ್ಲಿ ಮಹಿಳೆಯರಿಗೆ ಸ್ವಯಂ ಉದ್ಯೋಗ ಶಿಬಿರ ಇಟ್ಟರು. ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ, ಪೇಟೆಯಿಂದ ತರಿಸಿದ ಶೇಂಗಾ ಚಟ್ನಿ. ಊಟವಾದ ಮೇಲೆ ಇತಿಹಾಸದ ಸರ್ ಭಾಷಣಕ್ಕೆ ಎದ್ದರು, ಕೈಯಲ್ಲಿ ಚಟ್ನಿಯ ಪಾಕೀಟು.

"ಉದ್ಯೋಗ ಅಂದ್ರ ಹಿಂಗಿರಬೇಕು. ಐದು ವರ್ಷದಿಂದ ನಮ್ಮ ಮನ್ಯಾಗ ಇದ ಚಟ್ನಿ. ಮಾಡಿದಾಕಿ ಯಾರೋ ಗೊತ್ತಿಲ್ಲ. ಆದ್ರ ಸಂಸ್ಕಾರ ಇದ್ದ ಮನಿತನದಾಕಿ ಅನ್ನೂದು ರುಚಿಯೊಳಗ ತಿಳೀತೈತಿ."

ಹಿಂದಿ ಮೇಡಂ ಎದ್ದು ನಿಂತಳು. "ಆಕಿ ಇಲ್ಲೇ ಕುಂತಾಳ್ರಿ ಸರ್," ಅಂದು ನನ್ನ ತೋಳು ಹಿಡಿದು ಎಬ್ಬಿಸಿದಳು.

ಇಂಥದ್ದೊಂದು ಗಳಿಗೆ ಬಂದರೆ ಹೊಟ್ಟೆ ತುಂಬ ನಗಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಬಂದಾಗ ಸೆರಗು ಎಳೆದುಕೊಂಡು ನಿಂತೆ, ನಾನೇ ಏನೋ ಕದ್ದು ಸಿಕ್ಕಿಬಿದ್ದ ಹಾಗೆ. ಮೊದಲು ಹಿಂದಿನ ಸಾಲಿನಲ್ಲಿದ್ದ ನಮ್ಮ ಕೇರಿಯ ಹುಡುಗಿಯರು ಚಪ್ಪಾಳೆ ತಟ್ಟಿದರು, ಅವರ ಹಿಂದೆ ಉಳಿದವರು. ಸರ್ ಪಾಕೀಟನ್ನು ಮೇಜಿನ ಮೇಲಿಟ್ಟು, "ಸಂತೋಷ," ಅಂದು ಕುಳಿತರು.

ಮರುದಿನದಿಂದ ಅವರು ಚಟ್ನಿ ಒಯ್ಯುವುದನ್ನು ಬಿಟ್ಟರು. ಇನ್ನೂ ನಾಲ್ಕೈದು ಮನೆಯವರು ಬಿಟ್ಟರು. ಅಂಗಡಿಯವರು "ನಾ ಮೊದಲ ಹೇಳಿದ್ದೆ" ಅನ್ನುವ ಮುಖ ಮಾಡಿ ಅರ್ಧದಷ್ಟು ಪಾಕೀಟುಗಳನ್ನು ವಾಪಸು ಕಳಿಸಿದರು. ಆ ಪಾಕೀಟು ಬಿಚ್ಚಿ ನಾನು, ಅವ್ವ ಚಟ್ನಿಯನ್ನು ಮತ್ತೆ ಡಬ್ಬಿಗೆ ಸುರಿದೆವು. ಇಷ್ಟು ವರ್ಷದ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಒಂಬತ್ತನೇ ದಿನ ಇತಿಹಾಸದ ಸರ್ ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ. ಅವ್ವ ಅಂಜುತ್ತ ಅಂಜುತ್ತ ನೀರು ಕೊಟ್ಟಳು. ಅವರು ಗಟಗಟ ಕುಡಿದು ತಂಬಿಗೆ ಕೆಳಗಿಟ್ಟರು.

"ಇದನ್ನ ತುಂಬಿ ಕೊಡ್ರಿ. ಬ್ಯಾರೆ ಕಡೆ ಚಟ್ನಿ ತಂದು ಹಾಕಿದ್ರ ನಮ್ಮನಿಯವರು ರೊಟ್ಟಿ ಮುರದು ಹಂಗ ಬಿಟ್ಟು ಏಳಾಕತ್ತಾರ."

"ಸರ್‌ಗೆ ಆರಾಮ ಇಲ್ಲೇನ್ರಿ?" ಎಂದು ಅವ್ವ ಕೇಳಿದಳು.

"ಆರಾಮ ಅದಾರ. ಇಷ್ಟು ವರ್ಷ ಕಾಲೇಜಿನಾಗ ಉಪವಾಸ ಅಂತ ಹೇಳಿ ಮನಿಗೆ ಬಂದು ಎರಡೆರಡು ಸಲ ಉಣತಿದ್ರು," ಅಂದರು ಆಕೆ. "ಈ ಎಂಟು ದಿನ ಖರೇನ ಉಪವಾಸ ಅದಾರ."