ನಮ್ಮ ಫ್ಯಾನು ಐದರಲ್ಲೇ!

ಅಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ: ಇನ್ನು ಮೇಲೆ ಜಗತ್ತಿನ ಸಕಲ ವಿಷಯಗಳ ಮೇಲೂ ನನಗೊಂದು ಅಭಿಪ್ರಾಯ ಇರತಕ್ಕದ್ದು!

ಕಾರಣವಿಷ್ಟೇ. ವಿಮಾ ಕಚೇರಿಯಲ್ಲಿ ಬೇರೆಯವರು ಬರೆದ ಟಿಪ್ಪಣಿಯ ಕೆಳಗೆ 'ನೋಡಿದೆ' ಎಂದು ಬರೆದು ಸಹಿ ಹಾಕುವುದು ನನ್ನ ಉದ್ಯೋಗ. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲೂ ಯಾರು ಏನೇ ಬರೆಯಲಿ, ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ.

"ಇಷ್ಟು ಓದಿ ಹೆಬ್ಬೆಟ್ಟು ಒತ್ತೋ ಗಂಡ ನನಗೊಬ್ಬಳಿಗೇ ಸಿಕ್ಕಿರೋದು," ಎಂದಳು ಹೆಂಡತಿ. ಪೌರುಷಕ್ಕೆ ಪೆಟ್ಟು ಬಿತ್ತು.

ಅದೇ ಸಂಜೆ ಗುಂಪಿನಲ್ಲಿ ಕೆಲಸವಿಲ್ಲದ ಯಾರೋ ಕೇಳಿದರು: "ಮಲಗುವಾಗ ಫ್ಯಾನು ಎಷ್ಟರಲ್ಲಿಡ್ತೀರಿ?" ಕೆಳಗಿನ ಮನೆಯ ಹಲ್ಲಿನ ಡಾಕ್ಟರು ತಕ್ಷಣ ಗುಡುಗಿದರು: "ಐದರಲ್ಲಿ! ಎರಡು, ಮೂರು ಎಲ್ಲ ಹೇಡಿಗಳಿಗೆ." ಅವರ ಹಿಂದೆ ಐದು, ಐದು ಎಂದು ಕಟ್ಟಡದ ಗಂಡಸರೆಲ್ಲ ಸಾಲುಗಟ್ಟಿದರು.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ನನ್ನದು ಶೀತಪ್ರಕೃತಿ. ಫ್ಯಾನು ಎರಡು ದಾಟಿದರೆ ಮೂಗು ಸೋರುತ್ತದೆ. ಸೆಕೆಗೆ ಬೆವರಿ ನೀರಾಗುವ ಹೆಂಡತಿ ಎಷ್ಟು ಗೋಗರೆದರೂ ಮದುವೆಯಾದಂದಿನಿಂದ ನಮ್ಮ ಫ್ಯಾನು ಎರಡರಿಂದ ಕದಲಿಲ್ಲ. ಮನೆಯಲ್ಲಿ ನನ್ನ ಮಾತು ನಡೆಯುವ ಏಕೈಕ ಇಲಾಖೆ ಅದು.

ಹಾಗೆಂದು ಊರವರ ಮುಂದೆ ಹೇಡಿ ಎನಿಸಿಕೊಳ್ಳುವುದುಂಟೇ! ಬರೆದೇಬಿಟ್ಟೆ: "ನಮ್ಮಲ್ಲಿ ಐದೇ. ಹೆಂಡತಿ ತುಟಿಪಿಟಿಕ್ ಅನ್ನೋ ಹಾಗಿಲ್ಲ!"

ಚಪ್ಪಾಳೆಗಳ ಸುರಿಮಳೆ! ಯಾರೋ 'ಐದರಣ್ಣ' ಎಂಬ ಬಿರುದನ್ನೂ ದಯಪಾಲಿಸಿದರು. ನಾನು ಉಬ್ಬಿಹೋದೆ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಡಾಕ್ಟರು; ಅವರ ಹಿಂದೆ ಸ್ವೆಟರ್ ತೊಟ್ಟ ಡಾಕ್ಟರಮ್ಮ. ಇಬ್ಬರ ಮುಖವೂ ಊದಿಕೊಂಡಿತ್ತು. ಆಕೆ ಚಳಿ ತಾಳಲಾರದೆ ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗಿದ್ದರಂತೆ.

"ಐದರಣ್ಣ, ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ."

"ಇವರ ಮಾತು ಯಾರಿಗೆ ಬೇಕು?" ಎಂದರು ಡಾಕ್ಟರಮ್ಮ. "ಇವರ ಹೆಂಡತಿ ಬಾಯಿಂದ ಕೇಳ್ತೀನಿ. ಅವರು ಐದು ಅಂದ್ರೆ ಇವತ್ತಿಂದ ನಾನೂ ಐದು. ಇಲ್ಲಾಂದ್ರೆ ಈ ಮನುಷ್ಯ ಸುಳ್ಳುಗಾರ ಅಂತ ಗುಂಪಲ್ಲಿ ಹಾಕ್ತೀನಿ!"

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು.

"ನಿಜ ಹೇಳಿ, ನಿಮ್ಮನೇಲಿ ಫ್ಯಾನು ಎಷ್ಟರಲ್ಲಿರತ್ತೆ?"

ನಾನು ಅತಿಥಿಗಳ ಬೆನ್ನ ಹಿಂದೆ ನಿಂತು ಐದೂ ಬೆರಳು ಬಿಡಿಸಿ ತೋರಿಸಿದೆ. ನೋಡುವವರಿಗೆ ಅದು ಆಶೀರ್ವಾದದಂತೆ ಕಂಡೀತು. ನಾನು ಬೇಡುತ್ತಿದ್ದದ್ದು ಭಿಕ್ಷೆ.

ಹೆಂಡತಿ ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಮುಖ ನೋಡಿದಳು.

"ಐದರಲ್ಲೇ," ಎಂದಳು.

ಬದುಕಿದೆಯಾ ಬಡಜೀವವೇ! ಡಾಕ್ಟರು ಮೀಸೆಯ ಮೇಲೆ ಕೈ ಹಾಕಿದರು.

"ಆದ್ರೆ ಅದು ನನಗೋಸ್ಕರ," ಎಂದು ಅವಳು ಮುಂದುವರಿಸಿದಳು. "ನನಗೆ ಸೆಕೆ ತಡಿಯಕ್ಕಾಗಲ್ಲ. ಪಾಪ, ಇವರಿಗೆ ಎರಡು ದಾಟಿದ್ರೆ ಶೀತ. ಆದ್ರೂ ಹೆಂಡತಿ ಸುಖವಾಗಿ ಮಲಗ್ಲಿ ಅಂತ ಟೋಪಿ, ಕಾಲುಚೀಲ ಹಾಕ್ಕೊಂಡು ಸಹಿಸ್ಕೋತಾರೆ. ಗುಂಪಲ್ಲಿ ಏನೋ ಜಂಬಕ್ಕೆ ಬರೀತಾರೆ ಅಷ್ಟೆ. ಇಂಥ ಗಂಡ ಹುಡುಕಿದ್ರೂ ಸಿಗಲ್ಲ."

ಡಾಕ್ಟರಮ್ಮನ ಕಣ್ಣು ತುಂಬಿಬಂತು. ಗಂಡನ ಕಡೆ ತಿರುಗಿದರು. "ಕೇಳಿಸ್ತಾ? ಗಂಡಸು ಅಂದ್ರೆ ಇವರು! ಹೆಂಡತಿಗೆ ಎಷ್ಟು ಬೇಕೋ ಅಷ್ಟರಲ್ಲಿಡ್ತಾರೆ. ನಡೀರಿ, ಇವತ್ತಿಂದ ನಮ್ಮನೇಲಿ ಎರಡು!"

ಡಾಕ್ಟರು ಮರಗಟ್ಟಿಸುವ ಸೂಜಿ ಕೊಡದೆ ನನ್ನ ಮೂವತ್ತೆರಡೂ ಹಲ್ಲು ಕೀಳುವವರಂತೆ ನೋಡುತ್ತಾ ಮೆಟ್ಟಿಲಿಳಿದರು.

ಬಾಗಿಲು ಹಾಕಿ ಹೆಂಡತಿಯ ಹಿಂದೆಯೇ ಮಲಗುವ ಕೋಣೆಗೆ ಹೋದೆ. ಮನಸ್ಸು ತುಂಬಿಬಂದಿತ್ತು, ಇಷ್ಟು ಕಾಲ ಇವಳನ್ನು ಬೆವರಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

"ನನ್ನ ಮಾನ ಉಳಿಸ್ದೆ ಕಣೇ! ಈ ಉಪಕಾರ ಹೇಗೆ ತೀರಿಸ್ಲಿ?"

ಅವಳು ಫ್ಯಾನಿನ ಗುಂಡಿ ತಿರುಗಿಸಿದಳು. ಕಟ್, ಕಟ್, ಕಟ್. ಪರದೆಗಳು ಹಾರಿದವು, ಗೋಡೆಯ ಕ್ಯಾಲೆಂಡರ್ ಪಟಪಟ ಬಡಿದುಕೊಂಡಿತು. ಬೀರುವಿನಿಂದ ಉಣ್ಣೆಯ ಟೋಪಿ, ಕಾಲುಚೀಲ ತೆಗೆದು ನನ್ನ ಕೈಗಿಟ್ಟಳು.

"ಹಾಕ್ಕೊಳ್ಳಿ," ಎಂದಳು. "ನಾಲ್ಕು ಜನರ ಹತ್ರ ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ."