ಬೇಕರಿಯ ಗ್ರಾಫು ಏರಿದ ಕತೆ

ಕಂಪ್ಯೂಟರಿನ ಕೆಲಸವೆಂದರೆ ತುಟಿ ಹೊಲಿದುಕೊಂಡು ಕೂತು ಮಾಡುವಂಥದ್ದು, ಅದರಲ್ಲಿ ನಗುವುದಕ್ಕೆ ಎಂತ ಉಂಟು ಎಂದು ನನ್ನ ಅತ್ತೆ ಕೇಳುತ್ತಾರೆ. ಅವರೊಮ್ಮೆ ನಮ್ಮ ಆಫೀಸಿಗೆ ಬಂದು ಕೂತುಕೊಳ್ಳಬೇಕು. ನಗು ಬರುವಂಥದ್ದು ಏನೂ ಆಗದೆ ಒಂದು ವಾರ ಕಳೆದರೆ ನಮಗೇ ಹೆದರಿಕೆಯಾಗುತ್ತದೆ.

ಆಫೀಸೆಂದರೆ ಪುತ್ತೂರು ಪೇಟೆಯಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಕೋಣೆ. ನಾನು ಮತ್ತು ವಿಜಯಪುರದ ಕಡೆಯಿಂದ ಬಂದ ನನ್ನ ಸಹೋದ್ಯೋಗಿ, ಇಬ್ಬರೇ. ಶುರು ಮಾಡಿದ ಹೊಸತರಲ್ಲೇ ನಮಗೊಂದು ದೊಡ್ಡ ಕೆಲಸ ಸಿಕ್ಕಿತು. ಗಲ್ಫಿನಲ್ಲಿ ಬಹಳ ವರ್ಷ ಬ್ರೆಡ್ ಸುಟ್ಟು ಊರಿಗೆ ಮರಳಿದ ಬ್ಯಾರಿ ಸಮುದಾಯದ ಹಿರಿಯರೊಬ್ಬರು ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಬೇಕರಿ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಕಾಕ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಯಾವ ಅಂಗಡಿಯಲ್ಲಿ ಯಾವ ತಿಂಡಿ ಎಷ್ಟು ಹೋಯಿತು ಎಂಬುದು ಬಿಲ್ಲಿನ ಮೆಷಿನಿನಿಂದ ನೇರ ಡೇಟಾಬೇಸಿಗೆ ಬಂದು ಸೇರಬೇಕು. ಅಲ್ಲಿಂದ ಅದನ್ನು ತೆಗೆದು ನಾವು ಬಣ್ಣದ ಗ್ರಾಫು ಮಾಡಿ ಕಾಕನ ಮೊಬೈಲಿನಲ್ಲಿ ತೋರಿಸಬೇಕು. ಇದು ಸರಿಯಾದರೆ ಊರಿನ ನಾಲ್ಕು ಜನ ನಮ್ಮನ್ನು ಕರೆಯುತ್ತಾರೆ. ಹಾಳಾದರೆ ಚಪ್ಪಲಿ ಅಂಗಡಿಯವರು ಮೇಲಿನ ಕೋಣೆಯಲ್ಲೂ ಚಪ್ಪಲಿ ಇಡುತ್ತಾರೆ.

ಸಣ್ಣ ತುಂಡು

ಮೊದಲು ಮಾಡಿದ್ದು ಪೈ ಚಾರ್ಟು. ದುಂಡಗಿನ ಚಿತ್ರ, ಮೂರು ಅಂಗಡಿಗೆ ಮೂರು ಬಣ್ಣದ ತುಂಡು. ಕಾಕನಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. "ಇದು ಕೇಕು, ಇದು ಯಾರ ಪಾಲು ಎಷ್ಟು ಅಂತ, ಅಲ್ವಾ?" ಎಂದು ಖುಷಿಯಾಗಿ ಮೂರೂ ಅಂಗಡಿಗೆ ಕಳಿಸಿಬಿಟ್ಟರು.

ಅರ್ಧ ಗಂಟೆಯಲ್ಲಿ ಸುಳ್ಯದ ಅಂಗಡಿ ನೋಡಿಕೊಳ್ಳುವವರ ಫೋನು ಬಂತು.

"ಅಕ್ಕ, ನನಗೆ ಮಾತ್ರ ಇಷ್ಟು ಸಣ್ಣ ತುಂಡು ಕೊಟ್ಟದ್ದು ಯಾಕೆ?"

"ನಾನು ಕೊಟ್ಟದ್ದಲ್ಲ ಮಾರಾಯ್ರೆ. ನಿಮ್ಮಲ್ಲಿ ವ್ಯಾಪಾರ ಎಷ್ಟು ಆಗ್ತದೋ ಅಷ್ಟೇ ಬರುದು."

"ಸ್ವಲ್ಪ ದೊಡ್ಡದು ಮಾಡಿ ಅಕ್ಕ. ಕಡಬದವ ನಗಾಡ್ತಾನೆ."

"ನನ್ನ ಕೈಯಲ್ಲಿ ಇಲ್ಲ. ಎಲ್ಲ ಡೇಟಾಬೇಸಿನಿಂದ ಬರುದು."

ಅವರು ದನಿ ತಗ್ಗಿಸಿ ಹೇಳಿದರು: "ಹಾಗಾದ್ರೆ ಅವರ ನಂಬರ್ ಕೊಡಿ. ನಾನೇ ಮಾತಾಡ್ತೇನೆ."

ಬನ್ನು ಮತ್ತು ಬನ್ಸು

ಅಂಗಡಿಗಳಲ್ಲಿ ತಿಂಡಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಿದ್ದರು. ಒಂದೇ ಪಪ್ಸಿಗೆ ಪಪ್ಸ್, ಪಫ್ಸ್, ಪಪ್ಪ್ಸ್ ಎಂದು ಮೂರು ಅವತಾರ. ಗ್ರಾಫಿನಲ್ಲಿ ಒಂದೊಂದಕ್ಕೂ ಬೇರೆ ಬಣ್ಣ ಬಂದು, ನೋಡಿದರೆ ಸೀರೆ ಅಂಗಡಿಯ ಕಪಾಟಿನ ಹಾಗಿತ್ತು. "ನಾ ಎಲ್ಲಾ ಸ್ವಚ್ಛ ಮಾಡ್ತೀನ್ರಿ" ಎಂದು ನನ್ನ ಸಹೋದ್ಯೋಗಿ ಕೂತ. ಸಂಜೆಯೊಳಗೆ ಒಂದೇ ಥರದ್ದನ್ನೆಲ್ಲ ಒಟ್ಟು ಸೇರಿಸಿದ. ಗ್ರಾಫು ಕನ್ನಡಿಯ ಹಾಗಾಯಿತು. ಎಲ್ಲಕ್ಕಿಂತ ಎತ್ತರದಲ್ಲಿ ಬನ್ನು ನಿಂತಿತ್ತು.

ಕಾಕ ಅದನ್ನು ನೋಡಿ, ಮರುದಿನಕ್ಕೆ ಬುಟ್ಟಿಗಟ್ಟಲೆ ಬನ್ನು ಸುಡಿಸಿದರು. ಬೆಳಗ್ಗೆ ಗಿರಾಕಿಗಳು ಬಂದರು. ಅವರಿಗೆ ಬೇಕಾದದ್ದು ಬನ್ನಲ್ಲ, ಬನ್ಸು. ಬಾಳೆಹಣ್ಣು ಹಾಕಿ ಕಲಸಿ, ಎಣ್ಣೆಯಲ್ಲಿ ಉಬ್ಬಿಸಿ ಕರಿದದ್ದು. ನಮ್ಮ ಕಡೆ ಅದಿಲ್ಲದೆ ಕೆಲವರಿಗೆ ಬೆಳಗಾಗುವುದೇ ಇಲ್ಲ.

ಕಾಕ ಮೆಟ್ಟಿಲು ಹತ್ತಿ ಆಫೀಸಿಗೇ ಬಂದರು. "ಬನ್ಸ್ ಎಲ್ಲಿಗೆ ಹೋಯ್ತು?"

ಸಹೋದ್ಯೋಗಿ ಮುಗ್ಧವಾಗಿ ಕೇಳಿದ: "ಒಂದ್ ಇದ್ರ ಬನ್, ಎರಡ್ ಇದ್ರ ಬನ್ಸ್. ಅಷ್ಟೇ ಅಲ್ಲೇನ್ರಿ ಕಾಕಾ?"

ನಾನು ತಲೆ ಮೇಲೆ ಕೈಯಿಟ್ಟೆ. ಕಾಕ ಅವನನ್ನೇ ನೋಡಿದರು. ಕೋಪ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಸ್ವಂತ ಮಗನ ಹಾಗೆ ಕೈಹಿಡಿದು ಬೇಕರಿಗೆ ಕರೆದುಕೊಂಡು ಹೋಗಿ, ಎದುರಿಗೆ ಎರಡು ಬನ್ನು, ಒಂದು ಬನ್ಸು ಇಟ್ಟರು. "ನೋಡು ಮೋನೆ. ಇದು ಎರಡಿದ್ರೂ ಬನ್ನು. ಇದು ಒಂದೇ ಇದ್ರೂ ಬನ್ಸು. ತಿಂದು ನೆನಪಿಟ್ಟುಕೋ."

ಅವನು ಅದನ್ನು ಎಷ್ಟು ಶ್ರದ್ಧೆಯಿಂದ ಕಲಿತನೆಂದರೆ, ಈಗಲೂ ದಿನಾ ಬೆಳಗ್ಗೆ ಹೋಗಿ ಒಮ್ಮೆ ನೆನಪು ಮಾಡಿಕೊಂಡು ಬರುತ್ತಾನೆ.

ಕಡಬದ ಸೊನ್ನೆ

ಆಮೇಲೆ ಗೆರೆಯ ಗ್ರಾಫು ಮಾಡಿದೆವು. ಗಂಟೆಗಂಟೆಗೆ ವ್ಯಾಪಾರ ಏರುವುದು, ಇಳಿಯುವುದು ಅದರಲ್ಲಿ ಕಾಣುತ್ತದೆ. ಒಂದು ಮಧ್ಯಾಹ್ನ ಕಡಬದ ಗೆರೆ ಧೊಪ್ಪನೆ ಸೊನ್ನೆಗೆ ಬಿತ್ತು. ಕಾಕ ಊಟದ ತಟ್ಟೆ ಬಿಟ್ಟು ಎದ್ದು ಕಾರು ತೆಗೆದರು. ಅಂಗಡಿಗೆ ಏನೋ ಆಗಿದೆ, ಯಾರೂ ಫೋನು ಎತ್ತುವುದಿಲ್ಲ. ದಾರಿಯಲ್ಲಿ ನನಗೊಂದು ಫೋನು: "ಆಲಂಕಾರು ದಾಟಿದೆ. ಈಗಲೂ ಸೊನ್ನೆಯಾ?"

"ಈಗಲೂ ಸೊನ್ನೆಯೇ ಕಾಕ."

ಕಡಬದಲ್ಲಿ ನೋಡಿದರೆ ಕಾಕನಿಗೆ ತನ್ನ ಅಂಗಡಿಯೊಳಗೇ ಹೋಗಲು ಜಾಗವಿಲ್ಲ. ಹತ್ತಿರದಲ್ಲಿ ಯಾವುದೋ ಮದುವೆ ಮುಗಿಸಿ ಎರಡು ಬಸ್ಸಿನ ಜನ ಒಟ್ಟಿಗೆ ಇಳಿದಿದ್ದರು. ಇಂಟರ್ನೆಟ್ಟು ಹೋಗಿತ್ತು, ಲೆಕ್ಕ ಡೇಟಾಬೇಸಿಗೆ ಬರುತ್ತಿರಲಿಲ್ಲ, ಅಷ್ಟೇ. ಕಾಕ ಅಂಗಿಯ ಕೈ ಮಡಚಿ ಕೌಂಟರಿನ ಹಿಂದೆ ನಿಂತು ಸಂಜೆಯವರೆಗೆ ತಿಂಡಿ ಕಟ್ಟಿಕೊಟ್ಟದ್ದೇ ಕೊಟ್ಟದ್ದು.

ಲೆಕ್ಕ ಬಾರದ ಹೊತ್ತಿಗೆ ಸೊನ್ನೆ ತೋರಿಸಬಾರದು, ಗೆರೆಯನ್ನು ಅಲ್ಲೇ ನಿಲ್ಲಿಸಬೇಕು ಎಂದು ನಾನು ಅವತ್ತೇ ಸರಿ ಮಾಡಿದೆ. ಕಡಬದಿಂದ ಹೊರಡುವಾಗ ಕಾಕ ಅದನ್ನು ಕೇಳಿ ಫೋನಿನಲ್ಲಿ ಹೇಳಿದರು: "ಬೇಡ, ವಾರಕ್ಕೊಮ್ಮೆ ಹೀಗೆ ಸೊನ್ನೆ ಬರಲಿ. ವ್ಯಾಪಾರ ಒಳ್ಳೆದಾಗ್ತದೆ."

ಉಪ್ಪಿನಂಗಡಿಯ ಟೆಸ್ಟು

ಕಾಕ ಉಪ್ಪಿನಂಗಡಿಯಲ್ಲಿ ನಾಲ್ಕನೆಯ ಅಂಗಡಿ ತೆರೆದರು. ಅಲ್ಲಿ ದೊಡ್ಡ ಟಿವಿ ಹಾಕಿ, ಯಾವ ತಿಂಡಿ ಹೆಚ್ಚು ಹೋಗುತ್ತಿದೆ ಎಂದು ಗಿರಾಕಿಗಳಿಗೇ ಗ್ರಾಫು ತೋರಿಸಬೇಕೆಂಬ ಆಸೆ ಅವರದು. ಹಿಂದಿನ ದಿನ ಸಹೋದ್ಯೋಗಿ ಹೋಗಿ, ಟಿವಿ ಸರಿಯಿದೆಯೇ ಎಂದು ನೋಡಲು 'ಟೆಸ್ಟ್' ಎಂಬ ಹೆಸರಲ್ಲಿ ಸುಳ್ಳು ಲೆಕ್ಕ ತುಂಬಿಸಿ ಬಂದಿದ್ದ. ಅಳಿಸಿ ಬರಲಿಲ್ಲ.

ಮೊದಲ ದಿನ ಜನ ಹೊರಗಿನಿಂದಲೇ ಇಣುಕಿ, ರೂಢಿಯಾದ ಹಳೆಯ ಅಂಗಡಿಗಳ ಕಡೆಗೆ ಹೋಗುತ್ತಿದ್ದರು. ನಾವಿಬ್ಬರೂ ಒಂದು ಮೂಲೆಯಲ್ಲಿ, ಕಾಕ ಗಲ್ಲಾದಲ್ಲಿ. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಆಗ ಮಾರ್ಕೆಟ್ ಚೀಲ ಹಿಡಿದ ಹೆಂಗಸೊಬ್ಬರು ಒಳಗೆ ಬಂದು ಟಿವಿ ನೋಡಿದರು. ಎಲ್ಲಕ್ಕಿಂತ ಎತ್ತರದ ಕೆಂಪು ಕಂಬ, ಕೆಳಗೆ ಹೆಸರು.

"ಎಲ್ಲರೂ ಅದನ್ನೇ ತಿನ್ನುದಾ? ನನಗೂ ಎರಡು ಟೆಸ್ಟ್ ಕೊಡಿ."

ಸಹೋದ್ಯೋಗಿಯ ಮುಖ ಬಿಳಿಚಿತು. ಕಾಕ ನನ್ನನ್ನು ನೋಡಿದರು, ನಾನು ಗೋಡೆಯನ್ನು. ಒಳಗಿನಿಂದ ಅಡಿಗೆಯ ಅಕ್ಕ ತಲೆ ಹೊರಗೆ ಹಾಕಿದರು. "ಟೆಸ್ಟಾ? ಕೂತ್ಕೊಳ್ಳಿ ಅಕ್ಕ, ಬಿಸಿಬಿಸಿ ತರ್ತೇನೆ."

ಏನು ತರುತ್ತಾರೆ ಎಂದು ನಮಗೂ ಗೊತ್ತಿಲ್ಲ, ಬಹುಶಃ ಆ ಕ್ಷಣ ಅವರಿಗೂ ಗೊತ್ತಿರಲಿಲ್ಲ. ಮಾರದೆ ಉಳಿದಿದ್ದ ಬನ್ನಿನ ಹೊಟ್ಟೆ ಸೀಳಿ, ನೇಂದ್ರ ಬಾಳೆಹಣ್ಣನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ, ಬೆಲ್ಲ, ಏಲಕ್ಕಿ ಸೇರಿಸಿ ತುಂಬಿ, ಕಾವಲಿಯಲ್ಲಿ ಬಿಸಿ ಮಾಡಿ ತಂದರು. ಪರಿಮಳ ರಸ್ತೆಯವರೆಗೆ ಹೋಯಿತು. ಆ ಹೆಂಗಸು ಎರಡು ತಿಂದು, ನಾಲ್ಕು ಕಟ್ಟಿಸಿಕೊಂಡರು. ಹಿಂದೆಯೇ ಬೇರೆಯವರು ಬಂದರು. ಸಂಜೆಯಾಗುವಾಗ ಸುಳ್ಳು ಲೆಕ್ಕವನ್ನು ನಿಜವಾಗಿ ಮಾರಿದ ಟೆಸ್ಟೇ ಮೀರಿಸಿತ್ತು.

ನಾನು ಡೇಟಾಬೇಸಿನಿಂದ ಸುಳ್ಳು ಲೆಕ್ಕ ಮಾತ್ರ ತೆಗೆದೆ. ಹೆಸರನ್ನೂ ಬದಲಾಯಿಸಲು ಹೊರಟರೆ ಕಾಕ ಬಿಡಲಿಲ್ಲ. "ಮುಟ್ಟಬೇಡ ಮೋಳೆ, ಬರ್ಕತ್ತಿನ ಹೆಸರು, ಏಳಿಗೆ ತರ್ತದೆ" ಎಂದು ಮಗಳಿಗೆ ಹೇಳುವ ಹಾಗೆ ಹೇಳಿದರು. ಈಗ ನಾಲ್ಕೂ ಅಂಗಡಿಯ ಬೋರ್ಡಿನಲ್ಲಿ ಟೆಸ್ಟ್ ಉಂಟು. ಚಪ್ಪಲಿ ಅಂಗಡಿಯ ಮೇಲಿನ ಇನ್ನೊಂದು ಕೋಣೆಯನ್ನೂ ನಾವೇ ಹಿಡಿದಿದ್ದೇವೆ.

ಮೊನ್ನೆ ನಾನು ಉಪ್ಪಿನಂಗಡಿಯ ಅಂಗಡಿಯಲ್ಲಿದ್ದಾಗ ಬೆಳ್ಳಾರೆಯಿಂದ ಒಬ್ಬ ಹಿರಿಯರು ಅಂಗಡಿಗೆ ಫೋನು ಮಾಡಿದರು. ಅಡಿಗೆಯ ಅಕ್ಕ ಕೈ ಒರಸಿಕೊಂಡು ಸ್ಪೀಕರ್ ಹಾಕಿದರು.

"ನಿಮ್ಮಲ್ಲಿ ಟೆಸ್ಟ್ ಉಂಟಂತೆ, ಹೌದಾ?"

"ಉಂಟು ಮಾರಾಯ್ರೆ. ದಿನಾ ಉಂಟು."

"ನಾಳೆ ಬೆಳಗ್ಗೆ ಬರ್ತೇನೆ. ಖಾಲಿ ಹೊಟ್ಟೆಯಲ್ಲಿ ಬರಬೇಕಾ?"

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾಗೇ ಬನ್ನಿ. ಹೊಟ್ಟೆ ಖಾಲಿ ಇದ್ರೆ ನಾಲ್ಕು ಹಿಡೀತದೆ."